ಸಾಲಗಾಮೆ ರಸ್ತೆಯ ಬಿಳಿ ಡಿಶ್‌ಗಳ ಹಿಂದಿನ ಕತೆ: ಊರೂರಿಗೆ ಟಿವಿ ತಂದ ಇನ್ಸಾಟ್-1ಬಿ ಮತ್ತು ಹಾಸನ

ಹಾಸನ: ಸಾಲಗಾಮೆ ರಸ್ತೆಯಲ್ಲಿ ದಿನಾ ಓಡಾಡುವವರಿಗೆ ಆ ದೊಡ್ಡ ಬಿಳಿ ಡಿಶ್‌ಗಳು ಹೊಸತೇನಲ್ಲ. ಕಾಂಪೌಂಡು, ಗೇಟಿನಲ್ಲಿ ಸೆಕ್ಯೂರಿಟಿ, ಒಳಗೆ ಆಕಾಶ ನೋಡುತ್ತಾ ನಿಂತ ಬೋಗುಣಿಯಂಥ ಆಂಟೆನಾಗಳು. ಊರಿಗೆ ಬಂದ ನೆಂಟರು "ಅದೇನದು?" ಅಂತ ಕೇಳಿದರೆ "ಇಸ್ರೋದ್ದು, ಎಂಸಿಎಫ್" ಅನ್ನುವಲ್ಲಿಗೆ ಮಾತು ಮುಗಿಯುತ್ತದೆ. "ರಾಕೆಟ್ ಅಲ್ಲಿಂದಲೇ ಬಿಡ್ತಾರಾ?" ಎಂದು ಮಕ್ಕಳು ಕೇಳಿದರೆ ಹೌದು ಅಂದುಬಿಡುವವರೂ ಇದ್ದಾರೆ.

ಅಲ್ಲ. ರಾಕೆಟ್ ಬಿಡುವುದು ಆಂಧ್ರದ ಶ್ರೀಹರಿಕೋಟಾದಲ್ಲಿ. ರಾಕೆಟ್‌ನ ಕೆಲಸ ಮುಗಿದ ಮೇಲೆ ಹಾಸನದ ಕೆಲಸ ಶುರು. ಉಡಾವಣೆಯ ದಿನ ಟಿವಿಯಲ್ಲಿ ಚಪ್ಪಾಳೆ, ಅಪ್ಪುಗೆ, ಅಭಿನಂದನೆ ಎಲ್ಲಾ ಆದಮೇಲೆ ಸುದ್ದಿಯ ಕೊನೆ ಸಾಲಿನಲ್ಲಿ "ಹಾಸನದ ಮಾಸ್ಟರ್ ಕಂಟ್ರೋಲ್ ಫೆಸಿಲಿಟಿ ಉಪಗ್ರಹದ ನಿಯಂತ್ರಣ ವಹಿಸಿಕೊಂಡಿದೆ" ಎಂದು ಬರುತ್ತದಲ್ಲ, ಆ ಒಂದು ಸಾಲಿನ ಹಿಂದೆ 40 ವರ್ಷಕ್ಕೂ ಮೀರಿದ ಕತೆಯಿದೆ. ಆ ಕತೆ ಶುರುವಾದದ್ದೇ ಒಂದು ದೊಡ್ಡ ಸೋಲಿನಿಂದ.

ಕೋಳಿ ಬಲೆಯ ಆಂಟೆನಾ, ಎತ್ತಿನ ಗಾಡಿಯ ಮೇಲೆ ಉಪಗ್ರಹ

ಟಿವಿ ಅಂದರೆ ಮಹಾನಗರದವರ ಸೊತ್ತು ಎನ್ನುವ ಕಾಲ ಅದು. 1975ರ ಆಗಸ್ಟ್‌ನಿಂದ 1976ರ ಜುಲೈವರೆಗೆ, ಸರಿಯಾಗಿ ಒಂದು ವರ್ಷ, ಅಮೆರಿಕದ ನಾಸಾದಿಂದ ಎಟಿಎಸ್-6 ಎಂಬ ಉಪಗ್ರಹವನ್ನು ಎರವಲು ಪಡೆದು ಭಾರತ ಒಂದು ಪ್ರಯೋಗ ಮಾಡಿತು. ಅದರ ಹೆಸರು 'ಸೈಟ್'. ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಟಿವಿ ಪೆಟ್ಟಿಗೆ ಹೋಯಿತು. ಕರ್ನಾಟಕದಲ್ಲಿ ಅವಕಾಶ ಸಿಕ್ಕಿದ್ದು ಗುಲ್ಬರ್ಗ, ರಾಯಚೂರು, ಬಿಜಾಪುರ ಕಡೆಯ ಹಳ್ಳಿಗಳಿಗೆ. ಕೋಳಿ ಗೂಡಿಗೆ ಹಾಕುವ ತಂತಿ ಬಲೆಯನ್ನೇ ಬಗ್ಗಿಸಿ ಮಾಡಿದ ಸುಮಾರು 10 ಅಡಿ ಅಗಲದ ಆಂಟೆನಾ, ಪಕ್ಕದಲ್ಲಿ ಊರವರೆಲ್ಲ ಸೇರಿ ನೋಡುವ ಒಂದು ಟಿವಿ. ಬೇಸಾಯ, ಆರೋಗ್ಯ, ಶಾಲೆ ಮಕ್ಕಳ ಪಾಠ ಕನ್ನಡದಲ್ಲೇ ಬರುತ್ತಿತ್ತು. ಬೆಂಗಳೂರಿನವರ ಮನೆಗೆ ಟಿವಿ ಬರುವ ಮೊದಲೇ ರಾಯಚೂರಿನ ಹಳ್ಳಿಯವರು ಉಪಗ್ರಹದ ಟಿವಿ ನೋಡಿದ್ದರು ಎಂದರೆ ಈಗಿನವರು ನಂಬುವುದು ಕಷ್ಟ. ಬೆಂಗಳೂರು ದೂರದರ್ಶನ ಶುರುವಾದದ್ದು 1981ರ ನವೆಂಬರ್‌ನಲ್ಲಿ.

ಒಂದು ವರ್ಷ ಮುಗಿಯಿತು, ಎರವಲು ಉಪಗ್ರಹ ವಾಪಸ್ ಹೋಯಿತು, ಹಳ್ಳಿಯ ಟಿವಿ ಪೆಟ್ಟಿಗೆಗಳು ಸುಮ್ಮನಾದವು. ನೆರೆಮನೆಯವರ ರುಬ್ಬುಗುಂಡು ನೆಚ್ಚಿಕೊಂಡು ಮದುವೆ ಅಡುಗೆಗೆ ಇಳಿದ ಹಾಗೆ. ಸ್ವಂತದ್ದು ಬೇಕು ಎಂಬ ಮಾತು ಗಟ್ಟಿಯಾಯಿತು.

ಮೊದಲ ಸ್ವಂತ ಪ್ರಯತ್ನ 'ಆಪಲ್'. ಬೆಂಗಳೂರಿನಲ್ಲಿ ಕಟ್ಟಿದ ಸುಮಾರು 670 ಕಿಲೋ ತೂಕದ ಈ ಪ್ರಾಯೋಗಿಕ ಉಪಗ್ರಹವನ್ನು 1981ರ ಜೂನ್ 19ರಂದು ಯುರೋಪಿನ ಏರಿಯಾನ್ ರಾಕೆಟ್ ದಕ್ಷಿಣ ಅಮೆರಿಕದ ಕೌರುವಿನಿಂದ ಮೇಲಕ್ಕೊಯ್ದಿತು. ಎತ್ತಿನ ಗಾಡಿಯ ಮೇಲೆ ಉಪಗ್ರಹ ಇಟ್ಟಿರುವ ಫೋಟೋ ವಾಟ್ಸಾಪ್‌ನಲ್ಲಿ ಆಗಾಗ ಓಡಾಡುತ್ತದಲ್ಲ, ಅದು ಇದೇ ಆಪಲ್. "ದುಡ್ಡಿಲ್ಲದೆ ಗಾಡೀಲಿ ಸಾಗಿಸಿದರು" ಅಂತ ಕೆಳಗೆ ಬರೆದಿರುತ್ತಾರೆ. ವಿಷಯ ಬೇರೆ. ಆಂಟೆನಾ ಪರೀಕ್ಷೆ ಮಾಡುವಾಗ ಸುತ್ತ ಲೋಹ ಇದ್ದರೆ ರೇಡಿಯೊ ಅಲೆ ಅದಕ್ಕೆ ಬಡಿದು ಅಳತೆ ಕೆಡುತ್ತದೆ. ಲಾರಿ ಪೂರ್ತಿ ಕಬ್ಬಿಣ. ಮರದ ಗಾಡಿಯಾದರೆ ಆ ತೊಂದರೆ ಇಲ್ಲ. ಬಡತನದ ಫೋಟೋ ಅಲ್ಲ, ಬುದ್ಧಿವಂತಿಕೆಯ ಫೋಟೋ ಅದು.

ಆಪಲ್‌ನ ಎರಡು ಸೌರಫಲಕಗಳಲ್ಲಿ ಒಂದು ಬಿಚ್ಚಿಕೊಳ್ಳಲೇ ಇಲ್ಲ. ಆದರೂ ಎರಡು ವರ್ಷದ ಹತ್ತಿರ ಅದರಿಂದ ಕೆಲಸ ತೆಗೆದರು. ಬಿಚ್ಚಿಕೊಳ್ಳದ ಫಲಕ ಎಂಬ ಈ ಮಾತನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ, ಮುಂದೆ ಮತ್ತೆ ಬರುತ್ತದೆ.

36,000 ಕಿಲೋಮೀಟರ್ ಏಕೆ?

ಭೂಮಿಯನ್ನು ಸುತ್ತುವ ಉಪಗ್ರಹ ಎಷ್ಟು ಹತ್ತಿರ ಇದ್ದರೆ ಅಷ್ಟು ಜೋರಾಗಿ ಸುತ್ತಬೇಕು. ಕೆಲವು ನೂರು ಕಿ.ಮೀ. ಎತ್ತರದಲ್ಲಿರುವುದು ಒಂದೂವರೆ ಗಂಟೆಗೊಂದು ಸುತ್ತು ಹಾಕುತ್ತದೆ. ದೂರ ಹೋದಂತೆ ನಿಧಾನ. ಭೂಮಧ್ಯರೇಖೆಯ ಮೇಲೆ ಸುಮಾರು 36,000 ಕಿ.ಮೀ. ಎತ್ತರಕ್ಕೆ ಹೋದರೆ ಒಂದು ಸುತ್ತಿಗೆ ಒಂದು ದಿನ ಬೇಕು. ಭೂಮಿಯೂ ಅಷ್ಟೇ ಹೊತ್ತಿನಲ್ಲಿ ಒಂದು ಸುತ್ತು ತಿರುಗುವುದರಿಂದ ನೆಲದಿಂದ ನೋಡುವವರಿಗೆ ಉಪಗ್ರಹ ಒಂದೇ ಕಡೆ ನಿಂತಂತೆ ಕಾಣುತ್ತದೆ. ನಿಜದಲ್ಲಿ ಅದು ಸೆಕೆಂಡಿಗೆ 3 ಕಿ.ಮೀ. ವೇಗದಲ್ಲಿ ಓಡುತ್ತಲೇ ಇರುತ್ತದೆ.

ನಿಂತಂತೆ ಕಾಣುವುದರಿಂದಲೇ ಮನೆ ಮೇಲಿನ ಡಿಶ್ ಅನ್ನು ಒಂದು ಸಲ ತಿರುಗಿಸಿ ಬೋಲ್ಟ್ ಬಿಗಿ ಮಾಡಿದರೆ ಸಾಕು. ಇಲ್ಲದಿದ್ದರೆ ಧಾರಾವಾಹಿ ಮುಗಿಯುವತನಕ ಒಬ್ಬರು ಮಹಡಿ ಮೇಲೆ ಡಿಶ್ ತಿರುಗಿಸುತ್ತಾ ಕೂರಬೇಕಿತ್ತು.

1982: ಐದೇ ತಿಂಗಳಲ್ಲಿ ಮುಗಿದ ಇನ್ಸಾಟ್-1ಎ

ಪ್ರಯೋಗ ಮುಗಿದು ನಿಜವಾದ ಸೇವೆಗೆ ಇಳಿಯುವ ಹೊತ್ತಿಗೆ ನಾಲ್ಕು ಇಲಾಖೆಗಳು ಒಟ್ಟಾದವು: ಬಾಹ್ಯಾಕಾಶ, ದೂರಸಂಪರ್ಕ, ಹವಾಮಾನ, ಜೊತೆಗೆ ದೂರದರ್ಶನ ಮತ್ತು ಆಕಾಶವಾಣಿ. ಫೋನ್, ಟಿವಿ, ಮೋಡದ ಚಿತ್ರ ಮೂರನ್ನೂ ಒಂದೇ ಉಪಗ್ರಹದಲ್ಲಿ ತುಂಬುವ ಲೆಕ್ಕ. ಬೇರೆ ದೇಶಗಳು ಇವಕ್ಕೆಲ್ಲ ಬೇರೆ ಬೇರೆ ಉಪಗ್ರಹ ಹಾರಿಸುತ್ತಿದ್ದವು. ಭಾರತದ್ದು ಒಂದೇ ಅಂಗಡಿಯಲ್ಲಿ ದಿನಸಿ, ಸ್ಟೇಷನರಿ, ಜೆರಾಕ್ಸ್ ಮೂರೂ ಇಟ್ಟುಕೊಂಡ ಹಾಗಿನ ಉಪಾಯ. ಖರ್ಚು ಕಡಿಮೆ, ಆದರೆ ಬಾಗಿಲು ಮುಚ್ಚಿದರೆ ಮೂರೂ ಮುಚ್ಚಿದಂತೆ.

ಕಟ್ಟಲು ಆರ್ಡರ್ ಕೊಟ್ಟದ್ದು ಅಮೆರಿಕದ ಫೋರ್ಡ್ ಏರೋಸ್ಪೇಸ್ ಕಂಪನಿಗೆ. ಹೌದು, ಕಾರು ಮಾಡುವ ಫೋರ್ಡ್‌ನದೇ ಅಂಗಸಂಸ್ಥೆ. ಅದನ್ನು ನೆಲದಿಂದ ನಡೆಸುವ ಕೇಂದ್ರ ಮಾತ್ರ ಸ್ವಂತದ್ದೇ ಆಗಬೇಕಿತ್ತು. ಹಾಗೆ 1982ರಲ್ಲಿ ಹಾಸನದ ಎಂಸಿಎಫ್ ಕಣ್ಣುಬಿಟ್ಟಿತು.

1982ರ ಏಪ್ರಿಲ್ 10ರಂದು ಇನ್ಸಾಟ್-1ಎ ಮೇಲಕ್ಕೆ ಹೋಯಿತು. ತೊಂದರೆ ಮೊದಲ ದಿನಗಳಿಂದಲೇ. ಮಡಿಚಿಟ್ಟಿದ್ದ ಸಿ-ಬ್ಯಾಂಡ್ ಆಂಟೆನಾ ಬಿಚ್ಚಿಕೊಳ್ಳಲಿಲ್ಲ. ಹೇಗೋ ಒದ್ದಾಡಿ ಅದನ್ನು ತೆರೆಸಿದರು. ಆದರೆ 'ಸೋಲಾರ್ ಸೈಲ್', ಅಂದರೆ ಸೌರಹಾಯಿ, ಕೊನೆಗೂ ತೆರೆಯಲಿಲ್ಲ.

ಈ ಸೌರಹಾಯಿ ಯಾಕೆ ಬೇಕಿತ್ತು ಎನ್ನುವುದನ್ನು ತಕ್ಕಡಿ ಹಿಡಿದವರಿಗೆ ಬೇಗ ಹೇಳಬಹುದು. ಇನ್ಸಾಟ್-1ರ ಸೌರಫಲಕ ಇದ್ದದ್ದು ಒಂದೇ ಪಕ್ಕದಲ್ಲಿ. ಇನ್ನೊಂದು ಪಕ್ಕ ಖಾಲಿ ಬಿಡಲೇಬೇಕಿತ್ತು, ಏಕೆಂದರೆ ಮೋಡದ ಚಿತ್ರ ತೆಗೆಯುವ ಕ್ಯಾಮೆರಾ ತಣ್ಣಗಿರಬೇಕಾದರೆ ಅದರ ಶಾಖ ಹೊರಹಾಕುವ ಭಾಗಕ್ಕೆ ಬಿಸಿಲು ಕಾಣದ ಬರೀ ಆಕಾಶ ಬೇಕು. ಬಿಸಿಲಿಗೂ ಒತ್ತಡವಿದೆ. ಭೂಮಿಯ ಮೇಲೆ ನಮಗದು ತಿಳಿಯುವುದಿಲ್ಲ, ಆದರೆ ಗಾಳಿಯೂ ಇಲ್ಲದ ಜಾಗದಲ್ಲಿ ತಿಂಗಳುಗಟ್ಟಲೆ ಒಂದೇ ಪಕ್ಕದ ಫಲಕದ ಮೇಲೆ ಬಿಸಿಲು ಬಿದ್ದರೆ ಉಪಗ್ರಹ ನಿಧಾನಕ್ಕೆ ವಾಲತೊಡಗುತ್ತದೆ. ತಕ್ಕಡಿಯ ಒಂದು ತಟ್ಟೆಗೆ ಮಾತ್ರ ತೂಕ ಹಾಕಿದಂತೆ. ಇನ್ನೊಂದು ಪಕ್ಕ ಉದ್ದನೆಯ ಕೋಲಿನ ತುದಿಯಲ್ಲಿ ಹಗುರವಾದ ಹಾಯಿ ಇದ್ದರೆ ಬಿಸಿಲು ಅದನ್ನೂ ತಳ್ಳಿ ತೂಕ ಸಮ ಮಾಡುತ್ತದೆ.

ಹಾಯಿ ಇಲ್ಲದಾಗ ಉಳಿದ ದಾರಿ ಒಂದೇ. ವಾಲಿದಾಗಲೆಲ್ಲ ಪುಟ್ಟ ಪುಟ್ಟ ಎಂಜಿನ್ ಉರಿಸಿ ನೆಟ್ಟಗೆ ಮಾಡುವುದು. ಏಳು ವರ್ಷಕ್ಕೆಂದು ತುಂಬಿದ್ದ ಇಂಧನ ಹೀಗೆ ಸೋರತೊಡಗಿತು. ಆ ಸ್ಥಿತಿಯಲ್ಲೂ 1982ರ ಆಗಸ್ಟ್ 15ರಂದು ದೂರದರ್ಶನದ ರಾಷ್ಟ್ರೀಯ ಕಾರ್ಯಕ್ರಮ ಶುರುವಾಯಿತು, ಬಣ್ಣದ ಚಿತ್ರ ಬಂತು. ಮೂರು ವಾರ ಕಳೆಯುವಷ್ಟರಲ್ಲಿ, ಸೆಪ್ಟೆಂಬರ್ ಮೊದಲ ವಾರ, ಉಪಗ್ರಹ ಭೂಮಿಯ ಕಡೆಗಿನ ದಿಕ್ಕನ್ನೇ ತಪ್ಪಿಸಿಕೊಂಡಿತು. ದಿಕ್ಕು ಸರಿ ಮಾಡಲು ಹೋಗಿ ಇದ್ದಬದ್ದ ಇಂಧನವೂ ತೀರಿತು. ಸೆಪ್ಟೆಂಬರ್ 6ರಂದು ಇನ್ಸಾಟ್-1ಎಯನ್ನು ಕೈಬಿಡಲಾಯಿತು.

ಬಾಗಿಲು ತೆರೆದ ವರ್ಷದಲ್ಲೇ ಅಂಗಡಿಯ ಏಕೈಕ ಸರಕು ಸಮುದ್ರಪಾಲಾದರೆ ಹೇಗಿರುತ್ತದೋ ಹಾಸನದ ಕೇಂದ್ರದ್ದು ಅದೇ ಸ್ಥಿತಿ. ಏಷ್ಯನ್ ಗೇಮ್ಸ್‌ಗೆ ಎರಡೂವರೆ ತಿಂಗಳಷ್ಟೇ ಉಳಿದಿತ್ತು.

1983: ರಾತ್ರಿ ಹಾರಿದ ಶಟಲ್

ಮುಂದಿನದು ಇನ್ಸಾಟ್-1ಬಿ. ಅದೇ ಕಂಪನಿ, ಅದೇ ವಿನ್ಯಾಸ, ಅದೇ ಒಂದು ಪಕ್ಕದ ಫಲಕ, ಅದೇ ಹಾಯಿ. ಇದೂ ಕೈಕೊಟ್ಟರೆ ಇಡೀ ಯೋಜನೆಯ ಮೇಲೆಯೇ ಪ್ರಶ್ನೆ ಏಳುವುದು ಖಚಿತವಿತ್ತು.

ಈ ಸಲ ಹೊತ್ತೊಯ್ದದ್ದು ನಾಸಾದ ಚಾಲೆಂಜರ್ ಬಾಹ್ಯಾಕಾಶ ನೌಕೆ. 1983ರ ಆಗಸ್ಟ್ 30ರಂದು, ಫ್ಲಾರಿಡಾದಲ್ಲಿ ಮಧ್ಯರಾತ್ರಿ ಕಳೆದು ಎರಡೂವರೆ ಗಂಟೆ. ಅದಕ್ಕೂ ಮೊದಲು ಯಾವ ಶಟಲ್ ಕೂಡ ರಾತ್ರಿ ಹೊತ್ತು ಹಾರಿರಲಿಲ್ಲ. ಕತ್ತಲಲ್ಲಿ ಹಾರಿಸಬೇಕಾಗಿ ಬಂದದ್ದು ಇನ್ಸಾಟ್-1ಬಿಗಾಗಿಯೇ. ಉಪಗ್ರಹವನ್ನು ಹೊರಬಿಡುವ ಜಾಗ, ಹೊತ್ತು, ಬಿಸಿಲಿನ ಕೋನ ಎಲ್ಲಾ ಕೂಡಿ ಬರಬೇಕಾದರೆ ಫ್ಲಾರಿಡಾದಿಂದ ಆ ಹೊತ್ತಿಗೇ ಹೊರಡಬೇಕಿತ್ತು. ನೌಕೆಯಲ್ಲಿದ್ದ ಐವರಲ್ಲಿ ಒಬ್ಬರು ಗಯ್ ಬ್ಲೂಫೋರ್ಡ್. ಬಾಹ್ಯಾಕಾಶಕ್ಕೆ ಹೋದ ಮೊದಲ ಆಫ್ರಿಕನ್-ಅಮೆರಿಕನ್ ಎಂದು ಜಗತ್ತು ಅವರನ್ನು ನೆನೆಯುತ್ತದೆ. ಮರುದಿನ ನೌಕೆಯ ಹೊಟ್ಟೆಯಿಂದ ಬುಗುರಿಯಂತೆ ತಿರುಗುತ್ತಾ ಇನ್ಸಾಟ್-1ಬಿ ಹೊರಬಿತ್ತು.

ಆಮೇಲೆ ನಡೆದದ್ದು ಹಳೇ ಗಾಯಕ್ಕೆ ಉಪ್ಪು ಸವರಿದ ಹಾಗೆ. ಸೌರಫಲಕ ಪೂರ್ತಿ ಬಿಚ್ಚಿಕೊಳ್ಳಲಿಲ್ಲ.

ಹಿಂದಿನ ವರ್ಷ ಸೆಪ್ಟೆಂಬರ್‌ನಲ್ಲೇ ಒಂದು ಉಪಗ್ರಹ ಹೋಗಿತ್ತು. ಈ ಸೆಪ್ಟೆಂಬರ್‌ನಲ್ಲಿ ಇನ್ನೊಂದು ಅದೇ ದಾರಿ ಹಿಡಿದಂತೆ ಕಾಣುತ್ತಿತ್ತು. ಫೋರ್ಡ್ ಎಂಜಿನಿಯರುಗಳೂ ಭಾರತದ ನಿಯಂತ್ರಕರೂ ಸೇರಿ ಎರಡು ವಾರ ಒದ್ದಾಡಿದರು. 36,000 ಕಿ.ಮೀ. ದೂರದ ಯಂತ್ರಕ್ಕೆ ಕೈ ಹಾಕುವಂತಿಲ್ಲ, ಸ್ಕ್ರೂಡ್ರೈವರ್ ತಾಗಿಸುವಂತಿಲ್ಲ. ಮಾಡಬಹುದಾದದ್ದು ರೇಡಿಯೊದಲ್ಲಿ ಆದೇಶ ಕಳಿಸುವುದು, ಅದು ಕಳಿಸುವ ಅಂಕಿ ಓದುವುದು, ಇನ್ನೊಂದು ಆದೇಶ ಕಳಿಸುವುದು, ಅಷ್ಟೇ. ಸೆಪ್ಟೆಂಬರ್ ಮಧ್ಯದ ಹೊತ್ತಿಗೆ ಫಲಕ ತೆರೆಯಿತು. ಹಾಯಿಯೂ ಸರಿಯಾಯಿತು. ಅಕ್ಟೋಬರ್‌ನಲ್ಲಿ ಇನ್ಸಾಟ್-1ಬಿ ದೇಶದ ಸೇವೆಗೆ ನಿಂತಿತು. ಪೂರ್ವ ರೇಖಾಂಶ 74 ಡಿಗ್ರಿ, ಅಂದರೆ ಹೆಚ್ಚೂಕಡಿಮೆ ಹಾಸನದ ನೆತ್ತಿಗೆ ನೇರ ದಕ್ಷಿಣಕ್ಕೆ.

ಇನ್ಸಾಟ್-1ಬಿಯಲ್ಲಿ 12 ಸಿ-ಬ್ಯಾಂಡ್ ಟ್ರಾನ್ಸ್‌ಪಾಂಡರುಗಳಿದ್ದವು, ಜೊತೆಗೆ ಟಿವಿ ಪ್ರಸಾರಕ್ಕೆ ಎಸ್-ಬ್ಯಾಂಡಿನವು ಎರಡು. ಟ್ರಾನ್ಸ್‌ಪಾಂಡರ್ ಅಂದರೆ ಕೆಳಗಿಂದ ಬಂದ ಸಿಗ್ನಲ್ ಹಿಡಿದು, ಜೋರು ಮಾಡಿ, ಬೇರೆ ಫ್ರೀಕ್ವೆನ್ಸಿಯಲ್ಲಿ ವಾಪಸ್ ಕೆಳಗೆ ಬಿಡುವ ಪೆಟ್ಟಿಗೆ. ಈಗಿನ ಲೆಕ್ಕದಲ್ಲಿ ಅದು ಏನೂ ಅಲ್ಲ. ಆಗ ಅಷ್ಟರಲ್ಲೇ ದೇಶ ನಡೆಯಿತು.

ದಿನಕ್ಕೊಂದು ಟ್ರಾನ್ಸ್‌ಮಿಟರ್

ಅಲ್ಲಿಯವರೆಗೆ ದೆಹಲಿಯ ಕಾರ್ಯಕ್ರಮವನ್ನು ದೂರದ ಊರಿಗೆ ಒಯ್ಯಬೇಕಾದರೆ ಗುಡ್ಡದಿಂದ ಗುಡ್ಡಕ್ಕೆ ಮೈಕ್ರೋವೇವ್ ಗೋಪುರಗಳ ಸರಪಳಿ ಬೇಕಿತ್ತು. ಒಂದು ಗೋಪುರ ಕೆಟ್ಟರೆ ಮುಂದಿನ ಊರುಗಳಿಗೆಲ್ಲ ಕತ್ತಲೆ. ಇನ್ಸಾಟ್-1ಬಿ ಬಂದ ಮೇಲೆ ಸರಪಳಿಯೇ ಬೇಡವಾಯಿತು. ಸಣ್ಣ ಪಟ್ಟಣದಲ್ಲೊಂದು ಡಿಶ್, ಪಕ್ಕದಲ್ಲಿ ಕಡಿಮೆ ಶಕ್ತಿಯ ಟ್ರಾನ್ಸ್‌ಮಿಟರ್. ಉಪಗ್ರಹದಿಂದ ಬಂದದ್ದನ್ನು ಹಿಡಿದು ಸುತ್ತಲ ಹಳ್ಳಿಗಳಿಗೆ ಹಂಚುವುದು. ಸ್ಟುಡಿಯೋ ಬೇಡ, ಕಲಾವಿದರು ಬೇಡ, ಕರೆಂಟ್ ಇದ್ದರೆ ಸಾಕು. 1984ರಲ್ಲಿ ಕೆಲವು ತಿಂಗಳು ದೇಶದಲ್ಲಿ ದಿನಕ್ಕೊಂದು ಟ್ರಾನ್ಸ್‌ಮಿಟರ್ ಏಳುತ್ತಿತ್ತು.

50 ದಾಟಿದ ಅಂಗಡಿಯವರನ್ನು ಕೇಳಿದರೆ ಆಮೇಲಿನದನ್ನು ಅವರೇ ಹೇಳಿಯಾರು. ಹೆಂಚಿನ ಮೇಲೆ ಅಲ್ಯೂಮಿನಿಯಂ ಕಡ್ಡಿಗಳ ಆಂಟೆನಾ, ಗಾಳಿ ಬಂದಾಗ ತಿರುಗಿದ ಅದನ್ನು ಸರಿಮಾಡಲು ಹತ್ತಿದ ಹುಡುಗ, ಕೆಳಗಿಂದ "ಬಂತು... ಬಂತು... ಹೋಯ್ತು" ಎಂಬ ಕೂಗು. ಭಾನುವಾರ ಬೆಳಿಗ್ಗೆ ರಾಮಾಯಣ ಬರುವ ಹೊತ್ತಿಗೆ ವ್ಯಾಪಾರವೂ ಇಲ್ಲ, ಬಸ್ಸಿಗೆ ಜನವೂ ಇಲ್ಲ. ಟಿವಿ ಇದ್ದ ಮನೆಯ ಪಡಸಾಲೆಯಲ್ಲಿ ಅರ್ಧ ಬೀದಿ. ಆಗುಂಬೆಯಲ್ಲಿ ಶಂಕರ್ ನಾಗ್ ಚಿತ್ರೀಕರಿಸಿದ ಮಾಲ್ಗುಡಿ ಡೇಸ್ ಇಡೀ ದೇಶದ ಮನೆಗಳಿಗೆ ತಲುಪಿದ್ದೂ ಇದೇ ದಾರಿಯಲ್ಲಿ. ಮಲೆನಾಡಿನ ಮಳೆ, ಹೆಂಚಿನ ಮನೆ, ಕಟ್ಟೆ ಎಲ್ಲಾ ದೆಹಲಿಗೆ ಹೋಗಿ, ಅಲ್ಲಿಂದ ಉಪಗ್ರಹಕ್ಕೆ ಹಾರಿ, ಮತ್ತೆ ಮಲೆನಾಡಿಗೇ ಇಳಿದು ಬಂದವು.

ಆದರೆ ಟಿವಿಯ ಸಡಗರದಲ್ಲಿ ಇನ್ನೊಂದು ಕೆಲಸ ಜನರ ಗಮನಕ್ಕೆ ಅಷ್ಟಾಗಿ ಬರಲಿಲ್ಲ. ತೂಕ ಹಾಕಿದರೆ ಅದೇ ಹೆಚ್ಚು. 1977ರ ನವೆಂಬರ್‌ನಲ್ಲಿ ಆಂಧ್ರದ ದಿವಿಸೀಮೆಗೆ ಬಡಿದ ಚಂಡಮಾರುತದಲ್ಲಿ ಸತ್ತವರು ಹತ್ತು ಸಾವಿರದ ಆಸುಪಾಸು. 1990ರ ಮೇ ತಿಂಗಳಲ್ಲಿ ಅದೇ ಕರಾವಳಿಗೆ ಅಷ್ಟೇ ಭಯಂಕರವಾದ ಇನ್ನೊಂದು ಬಂತು. ಈ ಸಲ ಸತ್ತವರು ಸಾವಿರದೊಳಗೆ. ನಡುವೆ ಬದಲಾದದ್ದು ಹಲವು. ಅದರಲ್ಲಿ ದೊಡ್ಡದು, ಮೇಲಿಂದ ಮೋಡದ ಸುಳಿಯ ಚಿತ್ರ ಕಳಿಸುತ್ತಿದ್ದ ಉಪಗ್ರಹ ಮತ್ತು ಅದರ ಮೂಲಕವೇ ಕರಾವಳಿಯ ಹಳ್ಳಿಗಳಿಗೆ ಎಚ್ಚರಿಕೆ ಮುಟ್ಟಿಸುತ್ತಿದ್ದ ಪೆಟ್ಟಿಗೆಗಳು. ಲಕ್ಷಾಂತರ ಜನರನ್ನು ಮೊದಲೇ ಸ್ಥಳಾಂತರಿಸಲು ಸಮಯ ಸಿಕ್ಕಿತ್ತು. ಏಳು ವರ್ಷಕ್ಕೆಂದು ಕಳಿಸಿದ ಇನ್ಸಾಟ್-1ಬಿ ಆಗ ಏಳನೇ ವರ್ಷದಲ್ಲಿತ್ತು.

ಕೊಕ್ಕೆ, ಭೂಕಂಪ ಮತ್ತು ಸೆಕೆಂಡ್ ಹ್ಯಾಂಡ್ ಉಪಗ್ರಹ

ಉಳಿದ ಅಣ್ಣತಮ್ಮಂದಿರ ಕತೆ ಚಿಕ್ಕದು. 1988ರಲ್ಲಿ ಹೋದ ಇನ್ಸಾಟ್-1ಸಿಯ ಅರ್ಧ ವಿದ್ಯುತ್ ಮೊದಲೇ ಕೈಕೊಟ್ಟಿತು, 1989ರಲ್ಲಿ ಪೂರ್ತಿ ಹೋಯಿತು. ನಾಲ್ಕನೆಯದಾದ 1ಡಿಗೆ ನೆಲದಲ್ಲೇ ಗ್ರಹಚಾರ. 1989ರಲ್ಲಿ ಉಡಾವಣೆಗೆ ಸಿದ್ಧವಾಗಿ ನಿಂತಿದ್ದಾಗ ಕ್ರೇನಿನ ಕೊಕ್ಕೆ ಅದರ ಮೇಲೆ ಬಿತ್ತು. ರಿಪೇರಿಗೆಂದು ಕ್ಯಾಲಿಫೋರ್ನಿಯಾದ ಕಾರ್ಖಾನೆಗೆ ವಾಪಸ್ ಹೋದರೆ ಅದೇ ಅಕ್ಟೋಬರ್‌ನಲ್ಲಿ ಅಲ್ಲಿ ಭೂಕಂಪ. ಇಷ್ಟಾಗಿಯೂ 1990ರ ಜೂನ್ 12ರಂದು ಹಾರಿದ 1ಡಿ 2002ರವರೆಗೆ ಬಾಳಿತು. ದೃಷ್ಟಿ ತೆಗೆದು ಕಳಿಸಿದ್ದರೋ ಏನೋ.

1992ರ ಜುಲೈನಲ್ಲಿ ಹೋದ ಇನ್ಸಾಟ್-2ಎ ಬೆಂಗಳೂರಿನಲ್ಲೇ ಕಟ್ಟಿದ್ದು. ಆಗ ಇಸ್ರೋ ಅಧ್ಯಕ್ಷರಾಗಿದ್ದವರು ಉಡುಪಿ ಬಳಿಯ ಅದಮಾರಿನ ಯು.ಆರ್. ರಾವ್. ಅಲ್ಲಿಂದ ಮುಂದಿನ ಇನ್ಸಾಟ್‌ಗಳೆಲ್ಲ ಸ್ವದೇಶಿ.

ಒಂದು ವಿಚಿತ್ರ ಹೊರತಾಗಿ. 1997ರ ಜೂನ್‌ನಲ್ಲಿ ಹೋದ ಇನ್ಸಾಟ್-2ಡಿ ನಾಲ್ಕೇ ತಿಂಗಳಲ್ಲಿ ವಿದ್ಯುತ್ ದೋಷದಿಂದ ನಿಂತುಹೋಯಿತು. ಅದನ್ನು ನೆಚ್ಚಿಕೊಂಡಿದ್ದ ಸೇವೆಗಳೆಲ್ಲ ಅತಂತ್ರವಾದವು. ಹೊಸತು ಕಟ್ಟಲು ವರ್ಷಗಳು ಬೇಕು. ಆಗ ಭಾರತ ಮಾಡಿದ್ದು, ಪೇಟೆಯವರು ಮಾಡುವುದನ್ನೇ: ಸೆಕೆಂಡ್ ಹ್ಯಾಂಡ್ ಹುಡುಕಿತು. ಅರಬ್ ದೇಶಗಳೆಲ್ಲ ಕೂಡಿ ನಡೆಸುತ್ತಿದ್ದ ಅರಬ್‌ಸ್ಯಾಟ್ ಸಂಸ್ಥೆಯ 1ಸಿ ಎಂಬ ಉಪಗ್ರಹ 1992ರಿಂದಲೂ ಮೇಲೆ ಇತ್ತು. ಅದನ್ನು ಇದ್ದಲ್ಲೇ ಖರೀದಿ ಮಾಡಿ, 55 ಡಿಗ್ರಿ ಪೂರ್ವಕ್ಕೆ ಸರಿಸಿ, ಇನ್ಸಾಟ್-2ಡಿಟಿ ಎಂದು ಹೆಸರು ಬದಲಾಯಿಸಲಾಯಿತು. ಆರ್‌ಸಿ ಬುಕ್ ವರ್ಗಾವಣೆಯಾದ ಹಾಗೆ. 2004ರವರೆಗೆ ಅದು ಓಡಿತು.

ದಿನವೂ ನಡೆಯುವ ಕೆಲಸ

ಉಪಗ್ರಹ ನಿಂತಂತೆ ಕಾಣುತ್ತದೆ ಎಂದರೂ ಬಿಟ್ಟರೆ ನಿಲ್ಲುವುದಿಲ್ಲ. ಸೂರ್ಯ, ಚಂದ್ರ ಎರಡೂ ಅದನ್ನು ಉತ್ತರ-ದಕ್ಷಿಣಕ್ಕೆ ಎಳೆಯುತ್ತವೆ. ಭೂಮಿಯ ನಡು ಪೂರ್ತಿ ದುಂಡಗಿಲ್ಲದ ಕಾರಣ ಪೂರ್ವ-ಪಶ್ಚಿಮಕ್ಕೂ ಜಾರುತ್ತದೆ. ಇದರಲ್ಲಿ ಭಾರತಕ್ಕೊಂದು ಅನುಕೂಲವಿದೆ. ಜಾರುವ ಉಪಗ್ರಹಗಳು ತಾವಾಗಿ ಬಂದು ಸೇರುವ ತಗ್ಗು ಜಾಗ ಎರಡೇ, ಅದರಲ್ಲಿ ಒಂದು 75 ಡಿಗ್ರಿ ಪೂರ್ವದ ಹತ್ತಿರ, ಇನ್ನೊಂದು ಅಮೆರಿಕದ ಕಡೆ. ಅಂದರೆ ಇನ್ಸಾಟ್-1ಬಿ ನಿಂತಿದ್ದ 74 ಡಿಗ್ರಿಯಲ್ಲಿ ಪೂರ್ವ-ಪಶ್ಚಿಮದ ಜಾರಾಟ ತೀರಾ ಕಡಿಮೆ. ಅದೇ ತಗ್ಗಿಗೆ, ಸತ್ತುಹೋದ ಹಳೆಯ ಉಪಗ್ರಹಗಳೂ ಬಂದು ತೂಗಾಡುತ್ತವೆ ಎನ್ನುವುದು ಅದರ ಜೊತೆಗೇ ಬರುವ ತಲೆನೋವು.

ಸಾಮಾನ್ಯವಾಗಿ ಒಂದು ಉಪಗ್ರಹಕ್ಕೆ ಆಕಾಶದಲ್ಲಿ ಕೊಟ್ಟಿರುವ ಸೈಟು ಸುಮಾರು 150 ಕಿ.ಮೀ. ಅಗಲದ್ದು. ದೊಡ್ಡದು ಅನಿಸಬಹುದು, ಆದರೆ 36,000 ಕಿ.ಮೀ. ದೂರದಿಂದ ನೋಡಿದರೆ ಅದು ಡಿಗ್ರಿಯ ಹತ್ತರಲ್ಲೆರಡು ಭಾಗ. ಆಚೆ ದಾಟಿದರೆ ಪಕ್ಕದವರ ಸಿಗ್ನಲ್ ಕೆಡುತ್ತದೆ, ಮನೆ ಮೇಲಿನ ಡಿಶ್‌ಗೂ ಗುರಿ ತಪ್ಪುತ್ತದೆ. ಹಾಗಾಗಿ ಹಾಸನದಲ್ಲಿ ಹಗಲೂ ರಾತ್ರಿಯೂ ಪಾಳಿಯ ಮೇಲೆ ಲೆಕ್ಕ ಹಾಕಿ, ದಿನ ನೋಡಿ, ಎಂಜಿನ್‌ಗಳನ್ನು ಸ್ವಲ್ಪವೇ ಉರಿಸಿ ಅವನ್ನು ಒಳಗೆ ತಳ್ಳುತ್ತಿರುತ್ತಾರೆ. ಉರಿಸಿದಷ್ಟೂ ಆಯಸ್ಸು ಕಡಿಮೆ. ಮೇಲೆ ಪೆಟ್ರೋಲ್ ಬಂಕ್ ಇಲ್ಲ. ಕೊನೆಯ ಸ್ವಲ್ಪ ಇಂಧನ ಉಳಿದಾಗ ಅದನ್ನು ಬಳಸಿ ಉಪಗ್ರಹವನ್ನು ಇನ್ನಷ್ಟು ಎತ್ತರಕ್ಕೆ ತಳ್ಳಿ, ಬೇರೆಯವರ ದಾರಿಗೆ ಅಡ್ಡಬಾರದ ಜಾಗದಲ್ಲಿ ಬಿಡುತ್ತಾರೆ. 2005ರಲ್ಲಿ ಭೋಪಾಲ್‌ನಲ್ಲಿ ಎರಡನೇ ಕೇಂದ್ರ ಬಂದರೂ ಹಿರಿಯಣ್ಣ ಹಾಸನವೇ.

ವರ್ಷದಲ್ಲಿ ಎರಡು ಸಲ, ಮಾರ್ಚ್ ಮತ್ತು ಸೆಪ್ಟೆಂಬರ್‌ನ ಆಸುಪಾಸು, ಮಧ್ಯರಾತ್ರಿ ಹೊತ್ತಿಗೆ ಉಪಗ್ರಹಗಳು ಭೂಮಿಯ ನೆರಳಿನೊಳಗೆ ಹೋಗುತ್ತವೆ. ಅತಿ ಹೆಚ್ಚೆಂದರೆ ಸುಮಾರು 72 ನಿಮಿಷ. ಅಷ್ಟು ಹೊತ್ತು ಬ್ಯಾಟರಿಯಲ್ಲೇ ನಡೆಯಬೇಕು. ಕರೆಂಟ್ ಹೋದಾಗ ಅಂಗಡಿಯ ಯುಪಿಎಸ್ ಕೈಕೊಟ್ಟರೆ ಬಿಲ್ಲಿಂಗ್ ಮಾತ್ರ ನಿಲ್ಲುತ್ತದೆ. ಅಲ್ಲಿ ಬ್ಯಾಟರಿ ಕೈಕೊಟ್ಟರೆ ನೂರಾರು ಕೋಟಿಯ ಉಪಗ್ರಹವೇ ಹೋಗಬಹುದು. ವಿದ್ಯುತ್ ದೋಷದ ರುಚಿಯನ್ನು ಡಿಟಿಎಚ್ ಗ್ರಾಹಕರು 2010ರ ಜುಲೈನಲ್ಲಿ ನೋಡಿದ್ದಾರೆ. ಇನ್ಸಾಟ್-4ಬಿಯ ಅರ್ಧ ಟ್ರಾನ್ಸ್‌ಪಾಂಡರುಗಳು ಬಂದ್ ಆಗಿ ಸನ್ ಡೈರೆಕ್ಟ್ ಚಾನೆಲ್‌ಗಳು ಮಾಯವಾದವು. ಕಂಪನಿ ಬೇರೆ ಉಪಗ್ರಹಕ್ಕೆ ಹೋಯಿತು, ಮನೆಮನೆಯ ಡಿಶ್ ಮತ್ತೆ ತಿರುಗಿಸಬೇಕಾಯಿತು.

ಅಂಗಡಿಯಲ್ಲಿ ಯಾವುದು ಉಪಗ್ರಹದ್ದು, ಯಾವುದು ಅಲ್ಲ

ಇಲ್ಲೊಂದು ತಪ್ಪು ತಿಳಿವಳಿಕೆ ಗಟ್ಟಿಯಾಗಿ ಕೂತಿದೆ. ಮೊಬೈಲ್ ಮಾತು, ಫೋನ್‌ಪೇ, ಗೂಗಲ್‌ಪೇ, "ಹಣ ಸ್ವೀಕರಿಸಲಾಗಿದೆ" ಎನ್ನುವ ಸೌಂಡ್‌ಬಾಕ್ಸ್ ಎಲ್ಲಾ ಉಪಗ್ರಹದಿಂದ ಎಂದು ಬಹಳ ಜನ ನಂಬಿದ್ದಾರೆ. ಅವು ಹೋಗುವುದು ಹತ್ತಿರದ ಟವರಿಗೆ, ಅಲ್ಲಿಂದ ನೆಲದಡಿಯ ಫೈಬರ್ ಕೇಬಲ್ಲಿಗೆ. ರಸ್ತೆ ಅಗಲ ಮಾಡುವ ಜೆಸಿಬಿ ಕೇಬಲ್ ಕಿತ್ತರೆ ಯುಪಿಐ ನಿಲ್ಲುವುದು ಅದಕ್ಕೇ. ಆಗ ಎಂಸಿಎಫ್‌ನವರನ್ನು ಬೈದು ಪ್ರಯೋಜನವಿಲ್ಲ.

ಉಪಗ್ರಹದ್ದು ಯಾವುದು? ಡಿಟಿಎಚ್ ಪೂರ್ತಿ ಉಪಗ್ರಹದ್ದೇ. ಕೇಬಲ್ ಟಿವಿ ಅರ್ಧ: ಕೇಬಲ್ ಕಂಪನಿಯ ಕೇಂದ್ರದ ದೊಡ್ಡ ಡಿಶ್‌ವರೆಗೆ ಉಪಗ್ರಹ, ಅಲ್ಲಿಂದ ಮನೆಗೆ ವೈರು. ಕೆಲವು ಬ್ಯಾಂಕ್, ಎಟಿಎಂ, ಪೆಟ್ರೋಲ್ ಬಂಕ್‌ಗಳ ಮಾಡಿನ ಮೇಲೆ ಕಾಣುವ ಸಣ್ಣ ಡಿಶ್‌ಗಳು ವಿಸ್ಯಾಟ್ ಎಂಬ ಉಪಗ್ರಹ ಸಂಪರ್ಕದವು. ಕೇಬಲ್ ತಲುಪದ ಕಡೆ, ಕೇಬಲ್ ಕಡಿದಾಗ ಅವೇ ಆಸರೆ. ಹವಾಮಾನ ಇಲಾಖೆ ತೋರಿಸುವ ಮೋಡದ ಚಿತ್ರ ಇನ್ಸಾಟ್ ಕುಟುಂಬದ್ದೇ.

ಸಕಲೇಶಪುರದ ಕಡೆಯವರಿಗೆ ಗೊತ್ತಿರುವ ಇನ್ನೊಂದು ವಿಷಯ, ಜೋರು ಮಳೆಗೆ ಡಿಟಿಎಚ್ ಹೋಗುವುದು. ಮನೆಯ ಸಣ್ಣ ಡಿಶ್ ಬಳಸುವುದು ಕೆಯು-ಬ್ಯಾಂಡ್. ಅದರ ಅಲೆ ಚಿಕ್ಕದು, ದಟ್ಟ ಮಳೆ ಹನಿಗಳು ಅದನ್ನು ನುಂಗುತ್ತವೆ. ಕೇಬಲ್‌ನವರ ದೊಡ್ಡ ಡಿಶ್ ಸಿ-ಬ್ಯಾಂಡಿನದು, ಮುಂಗಾರಿಗೆ ಅಷ್ಟಾಗಿ ಜಗ್ಗುವುದಿಲ್ಲ. ಹಾಗಾಗಿ ಪಕ್ಕದ ಮನೆಯ ಕೇಬಲ್‌ನಲ್ಲಿ ಚಿತ್ರ ಬರುತ್ತಿದ್ದು ನಿಮ್ಮ ಡಿಶ್‌ನಲ್ಲಿ ಬರದಿದ್ದರೆ ಸೆಟ್‌ಟಾಪ್ ಬಾಕ್ಸ್ ಬದಲಾಯಿಸಲು ಓಡಬೇಡಿ. ಮಳೆ ಇಳಿಯಲಿ.

ಡಿಡಿ ಫ್ರೀ ಡಿಶ್ ಹಾಕಿಸಿಕೊಂಡವರು ಗಮನಿಸಬೇಕಾದದ್ದು: ಅದು ಬರುವುದು ಜಿಸ್ಯಾಟ್-15ರಿಂದ, 93.5 ಡಿಗ್ರಿ ಪೂರ್ವ. ಹಾಸನದಿಂದ ನೋಡಿದರೆ ಆಗ್ನೇಯ ದಿಕ್ಕು, ನೆಲದಿಂದ ಸುಮಾರು 65 ಡಿಗ್ರಿ ಮೇಲಕ್ಕೆ. ಮನೆಯ ಅಗ್ನಿಮೂಲೆ ಕಡೆ ತೆಂಗಿನ ಗರಿ ಬೆಳೆದು ಅಡ್ಡ ಬಂದಿದ್ದರೆ, ಪಕ್ಕದವರು ಹೊಸ ಮಹಡಿ ಎಬ್ಬಿಸಿದ್ದರೆ, ಸಿಗ್ನಲ್ ಕುಗ್ಗಲು ಬೇರೆ ಕಾರಣ ಹುಡುಕಬೇಕಿಲ್ಲ.

ಮಾರ್ಚ್ ಮಧ್ಯದಲ್ಲಿ ಮತ್ತು ಸೆಪ್ಟೆಂಬರ್ ಕೊನೆಯ ಹೊತ್ತಿಗೆ ಕೆಲವು ದಿನ ಇನ್ನೊಂದು ತಮಾಷೆ ನಡೆಯುತ್ತದೆ. ಸೂರ್ಯ ಸರಿಯಾಗಿ ಉಪಗ್ರಹದ ಬೆನ್ನ ಹಿಂದೆ ಬರುತ್ತಾನೆ. ಸೂರ್ಯನಿಂದಲೂ ರೇಡಿಯೊ ಸದ್ದು ಬರುತ್ತದೆ, ಆ ಗದ್ದಲದಲ್ಲಿ ಉಪಗ್ರಹದ ಸಣ್ಣ ದನಿ ಕೇಳುವುದಿಲ್ಲ. ಬಾನು ಶುಭ್ರ, ಮಳೆ ಇಲ್ಲ, ಕರೆಂಟ್ ಇದೆ, ಆದರೂ ಚಿತ್ರ ಚೂರುಚೂರಾಗಿ ನಿಂತುಬಿಡುತ್ತದೆ. ಫ್ರೀ ಡಿಶ್‌ನವರಿಗೆ ಹಾಸನ ಜಿಲ್ಲೆಯಲ್ಲಿ ಇದು ಬೆಳಿಗ್ಗೆ 11ರ ಆಸುಪಾಸು. ಬೇರೆ ಉಪಗ್ರಹ ಬಳಸುವ ಕಂಪನಿಗಳಿಗೆ ಹೊತ್ತು ಸ್ವಲ್ಪ ಹಿಂದೆ ಮುಂದೆ. ಹತ್ತು ನಿಮಿಷ ಕಾದರೆ ತಾನಾಗಿ ಬರುತ್ತದೆ, ಮೆಕ್ಯಾನಿಕ್‌ಗೆ ವಿಸಿಟಿಂಗ್ ಚಾರ್ಜ್ ಕೊಡುವ ಅಗತ್ಯವಿಲ್ಲ.